ಕಾರ್ಡಿನ ಹಿಂದೆ ಬರೆದುಕೊಟ್ಟ ಶೇ. 6

ದಾವಣಗೆರೆ
27 ಅಕ್ಟೋಬರ್ 2025

ಇವರಿಗೆ,
ಜನರಲ್ ಮ್ಯಾನೇಜರ್, ಕಾರು ಷೋರೂಮ್

ವಿಷಯ: ಸಾಲದ ಬಡ್ಡಿ ಮರೆಮಾಚಿದ್ದು ಮತ್ತು ಹೆಚ್ಚುವರಿ ವಸೂಲಿ ಬಗ್ಗೆ ದೂರು

ಮಾನ್ಯರೇ,

ಆಯುಧಪೂಜೆಯ ದಿನ, ಅಕ್ಟೋಬರ್ 1ರಂದು, ನಿಮ್ಮಲ್ಲಿ ಪೆಟ್ರೋಲ್ ಕಾರು ತೆಗೆದುಕೊಂಡೆ. ಕಾರಿನ ಬಗ್ಗೆ ತಕರಾರಿಲ್ಲ, ಚೆನ್ನಾಗಿಯೇ ಓಡುತ್ತಿದೆ. ತಕರಾರಿರುವುದು ನೀವು ಅದನ್ನು ಮಾರಿದ ರೀತಿಯ ಮೇಲೆ.

ನಿಮ್ಮ ಸೇಲ್ಸ್ ಹುಡುಗ ತನ್ನ ವಿಸಿಟಿಂಗ್ ಕಾರ್ಡಿನ ಹಿಂದೆ ನೀಲಿ ಪೆನ್ನಿನಲ್ಲಿ "6 ಲಕ್ಷ, 5 ವರ್ಷ, 6%, ಇಎಂಐ 13,000" ಎಂದು ಬರೆದು, 6%ಗೆ ಎರಡು ಸುತ್ತು ಹಾಕಿ ಕೊಟ್ಟ. ನನ್ನ ಸಂಬಳ ಬರುವ ಬ್ಯಾಂಕಿನಲ್ಲಿ ಶೇ. 9 ಹೇಳಿದ್ದರು. "ಬ್ಯಾಂಕಿಗ್ಯಾಕೆ ಅಲೀತೀರಿ ಸರ್, ಇಲ್ಲೇ ಅರ್ಧ ಗಂಟೇಲಿ ಸ್ಯಾಂಕ್ಷನ್ ಮಾಡಿಸ್ತೀನಿ" ಎಂದ. ಶೇ. 3 ಉಳಿಯಿತಲ್ಲ ಎಂದು ನಾನೂ ಹಿಗ್ಗಿದೆ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವನು. ಇದನ್ನು ಬರೆಯಲು ನಾಚಿಕೆಯಾಗುತ್ತಿದೆ.

ಆ ಶೇ. 6 ಫ್ಲಾಟ್ ದರ. ತಿಂಗಳು ತಿಂಗಳು ಅಸಲು ಕರಗುತ್ತಿದ್ದರೂ ಐದೂ ವರ್ಷ ಪೂರ್ತಿ 6 ಲಕ್ಷದ ಮೇಲೇ ಬಡ್ಡಿ, ಒಟ್ಟು 1,80,000 ರೂಪಾಯಿ. ಬ್ಯಾಂಕಿನವರಂತೆ ಉಳಿದ ಅಸಲಿಗಷ್ಟೇ ಬಡ್ಡಿ ಲೆಕ್ಕ ಹಾಕಿದರೆ ಇದು ಶೇ. 10.8ಕ್ಕೂ ಮೇಲೆ ನಿಲ್ಲುತ್ತದೆ. ಬ್ಯಾಂಕಿನ ಶೇ. 9ಕ್ಕೆ ಕಂತು 12,455 ಆಗುತ್ತಿತ್ತು. ತಿಂಗಳಿಗೆ 545ರಂತೆ 60 ತಿಂಗಳಿಗೆ 32,700 ರೂಪಾಯಿ ನನ್ನ ಜೇಬಿನಿಂದ ಹೆಚ್ಚಿಗೆ ಹೋಗುತ್ತದೆ. "ಫ್ಲಾಟ್" ಎನ್ನುವ ಮಾತು ಆ ಕಾರ್ಡಿನಲ್ಲೂ ಇರಲಿಲ್ಲ, ಅವನ ಬಾಯಲ್ಲೂ ಬರಲಿಲ್ಲ.

ಸಹಿ ಮಾಡಿಸಿಕೊಂಡದ್ದು ಯಾವಾಗ ಗೊತ್ತೇ? ಕಾರಿಗೆ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣಿಟ್ಟು, ಅಮ್ಮ ಆರತಿ ತಟ್ಟೆ ಹಿಡಿದು ಕಾಯುತ್ತಿರುವಾಗ. ಪೆನ್ಸಿಲ್ ಟಿಕ್ ಹಾಕಿದ ಜಾಗಗಳಲ್ಲೆಲ್ಲ ಬಾನೆಟ್ಟಿನ ಮೇಲೇ ಕಾಗದ ಇಟ್ಟು ಸಹಿ ಹಾಕಿದೆ. ಸಾಲದ ನಿಜವಾದ ವಾರ್ಷಿಕ ದರ ತೋರಿಸುವ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟನ್ನು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಮೊದಲೇ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2024ರ ಅಕ್ಟೋಬರ್ 1ರಿಂದ ಕಡ್ಡಾಯ ಮಾಡಿದೆ. ನನಗೆ ಅದು ಸಿಕ್ಕಿದ್ದು ಹತ್ತು ದಿನ ಬಿಟ್ಟು, ಇಂಗ್ಲಿಷಿನಲ್ಲಿ, ನಾನೇ ಫೋನ್ ಮಾಡಿ ಕೇಳಿದ ಮೇಲೆ.

ಇನ್ನು ನಿಮ್ಮ 75,000ದ "ಫೆಸ್ಟಿವಲ್ ಬೆನಿಫಿಟ್". 1,200 ಸಿಸಿ, 4 ಮೀಟರ್ ಮೀರದ ಪೆಟ್ರೋಲ್ ಕಾರುಗಳ ಮೇಲಿನ ತೆರಿಗೆ ಸೆಪ್ಟೆಂಬರ್ 22ರಿಂದ ಸೆಸ್ ಸೇರಿ ಶೇ. 29 ಇದ್ದದ್ದು 18ಕ್ಕೆ ಇಳಿಯಿತು. ಹಳೇ ತೆರಿಗೆ ಸೇರಿ 8 ಲಕ್ಷ ಇದ್ದ ಕಾರಿಗೆ ಅದೇ ಸುಮಾರು 68,000 ಆಯಿತು. ಕೊಟೇಶನ್ನಿನಲ್ಲಿ ಹಳೇ ಬೆಲೆ ಹಾಕಿ, ಸರ್ಕಾರ ಬಿಟ್ಟದ್ದನ್ನು ನಿಮ್ಮ ಉದಾರತೆ ಎಂದು ತೋರಿಸಿದಿರಿ. ನೀವು ಬಿಟ್ಟದ್ದು ಏಳು ಸಾವಿರ; ಅದನ್ನೂ "ಹ್ಯಾಂಡ್ಲಿಂಗ್ ಚಾರ್ಜ್" ಎಂದು 7,500 ಮಾಡಿ ವಾಪಸು ತೆಗೆದುಕೊಂಡಿರಿ. ಐನೂರು ಯಾವುದಕ್ಕೆ ಎಂದು ಮಾತ್ರ ತಿಳಿಯಲಿಲ್ಲ.

ಇನ್ಶೂರೆನ್ಸ್ ಎಲ್ಲಿ ಮಾಡಿಸಬೇಕೆನ್ನುವುದು ಕೊಳ್ಳುವವನಿಗೆ ಬಿಟ್ಟದ್ದು. ಹೊರಗೆ ಅದೇ ಐಡಿವಿಗೆ (ವಿಮೆಗೆ ಹಿಡಿಯುವ ಕಾರಿನ ಬೆಲೆಗೆ), ಸವಕಳಿ ಕಳೆಯದೆ ಕ್ಲೇಮ್ ಕೊಡುವ ಅದೇ ಝೀರೋ ಡೆಪ್ ಸೇರಿ 31,200ಕ್ಕೆ ಸಿಗುತ್ತಿತ್ತು. ಹೊರಗಿನದಾದರೆ ಹಬ್ಬಕ್ಕೆ ಡೆಲಿವರಿ ಕಷ್ಟ ಎಂದು ಹೆದರಿಸಿ 43,600 ಕಟ್ಟಿಸಿಕೊಂಡಿರಿ.

ನಾನು ಕೇಳುವುದಿಷ್ಟೇ. ಹ್ಯಾಂಡ್ಲಿಂಗಿನ 7,500 ಮತ್ತು ಇನ್ಶೂರೆನ್ಸಿನ ವ್ಯತ್ಯಾಸ 12,400 ವಾಪಸು ಕೊಡಿ. ಸಾಲವನ್ನು ಫೋರ್‌ಕ್ಲೋಷರ್ (ಅವಧಿಗೆ ಮೊದಲೇ ತೀರಿಸುವುದಕ್ಕೆ ಹಾಕುವ) ಶುಲ್ಕವಿಲ್ಲದೆ ನನ್ನ ಬ್ಯಾಂಕಿಗೆ ವರ್ಗಾಯಿಸಲು ಸಾಲ ಕೊಟ್ಟ ಫೈನಾನ್ಸ್ ಕಂಪನಿಯಿಂದ ಒಪ್ಪಿಗೆ ಕೊಡಿಸಿ. ಅವರಿಗೂ ಬೇರೆ ಪತ್ರ ಹಾಕಿದ್ದೇನೆ. 30 ದಿನದಲ್ಲಿ ಸರಿಹೋಗದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಬರೆಯುತ್ತೇನೆ. ನಿಮಗೆ 15 ದಿನ. ಆಮೇಲೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವವನೇ.

ಆ ಹುಡುಗನ ಕೆಲಸಕ್ಕೆ ಮಾತ್ರ ಕುತ್ತು ತರಬೇಡಿ. ಅವನಿಗೆ ಟಾರ್ಗೆಟ್ ಕೊಟ್ಟವರು ನೀವು.

ಮೊದಲ ಕಂತು ನವೆಂಬರ್ 5ಕ್ಕೆ ಕಟ್ ಆಗುತ್ತದೆ, ಅದಕ್ಕೆ ಮೊದಲೇ ಫೋನ್ ಮಾಡಿದರೆ ಒಳ್ಳೆಯದು. ಸಂಜೆ ನಾಲ್ಕೂವರೆಯವರೆಗೆ ನನಗೆ ಕ್ಲಾಸ್ ಇರುತ್ತದೆ.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ಕೊಟೇಶನ್, ಬಿಲ್, ವಿಸಿಟಿಂಗ್ ಕಾರ್ಡಿನ ಎರಡೂ ಬದಿಯ ಜೆರಾಕ್ಸ್