ಮೊದಲ ವರ್ಷದ ಬಾಡಿಗೆ ನೋಡಿ ಮನೆ ಹಿಡಿಯಬೇಡ ಪುಟ್ಟಿ

ಸ್ಕಾರ್ಬರೋ, ಟೊರಾಂಟೊ
ಭಾನುವಾರ

ಪ್ರೀತಿಯ ಪುಟ್ಟಿಗೆ ಅತ್ತೆಯ ಆಶೀರ್ವಾದ.

ನಿನ್ನೆ ರಾತ್ರಿ ನೀನು ಕಳಿಸಿದ, ಒಂದೇ ಟವರಿನ ಎರಡು ಮನೆಗಳ ಫ್ಲೋರ್ ಪ್ಲಾನ್ ನೋಡಿದೆ. ಆಫೀಸಿಗೆ ನಡೆದು ಹೋಗುವಷ್ಟು ಹತ್ತಿರ, 41ನೇ ಮಹಡಿ, ಕಿಟಕಿಯಲ್ಲಿ ಸರೋವರ ಕಾಣುತ್ತದೆ, ಜಿಮ್ ಇದೆ, ಈಜುಕೊಳ ಇದೆ, ಮೇಲೆ ಒಂದು ತಿಂಗಳು ಬಾಡಿಗೆ ಫ್ರೀ. ನಿನ್ನ ಖುಷಿ ಮೆಸೇಜಿನಲ್ಲೇ ಕಾಣುತ್ತಿತ್ತು. ಕೆಲಸಕ್ಕೆ ಇಲ್ಲಿಗೆ ಬರುವ ಮೊದಲೇ, ಮೈಸೂರಿನಿಂದಲೇ ಅಡ್ವಾನ್ಸ್ ಕಳಿಸಿಬಿಡಲಾ ಅಂತ ಕೇಳಿದ್ದೀಯ. ಬೇಡ, ಸ್ವಲ್ಪ ತಡೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮಪ್ಪನಿಗೂ ಓದಿ ಹೇಳು.

ಮೊದಲು ಆ ಫ್ರೀ ತಿಂಗಳ ಲೆಕ್ಕ ನೋಡೋಣ. ಬಾಡಿಗೆ 2,400 ಡಾಲರ್. ವರ್ಷಕ್ಕೆ 28,800. ಒಂದು ತಿಂಗಳು ಬಿಟ್ಟರೆ 26,400. ಅದನ್ನು 12 ತಿಂಗಳಿಗೆ ಹಂಚಿದರೆ 2,200. ಜಾಹೀರಾತಿನಲ್ಲಿ ದೊಡ್ಡದಾಗಿ ಹಾಕಿರುವುದು ಈ 2,200. ಆದರೆ ಲೀಸ್ ಕಾಗದದಲ್ಲಿ ಇರುವ ಬಾಡಿಗೆ 2,400. ಮುಂದಿನ ವರ್ಷ ಏರಿಸುವಾಗ ಅವರು ಲೆಕ್ಕ ಶುರು ಮಾಡುವುದು ಆ 2,400ರಿಂದ. ನೀನು 2,200ಕ್ಕೆ ಸಂಸಾರ ಹೊಂದಿಸಿಕೊಂಡಿರುತ್ತೀಯ. ಅವರು 2,600 ಕೇಳಿದರೆ ಅವರ ಕಣ್ಣಿಗೆ ಅದು 200 ಹೆಚ್ಚು, ನಿನ್ನ ಕೈಗೆ 400 ಹೆಚ್ಚು. ಕರೆಂಟ್ ಬಿಲ್ಲು ಬೇರೆ, ಅದಕ್ಕೆ ಇಲ್ಲಿ ಹೈಡ್ರೋ ಅನ್ನುತ್ತಾರೆ. ಹೊಸ ಟವರುಗಳಲ್ಲಿ ನೀರಿಗೂ ಹೀಟಿಂಗಿಗೂ ಮನೆಮನೆಗೆ ಮೀಟರ್ ಹಾಕಿರುವುದು ಉಂಟು. ಯಾವುದು ಬಾಡಿಗೆಯೊಳಗೆ, ಯಾವುದು ಹೊರಗೆ ಅಂತ ಬರವಣಿಗೆಯಲ್ಲಿ ಕೇಳು.

ಇನ್ನು ನಾನು ಹೇಳಲೇಬೇಕಾದ ಮಾತು. ಒಂದು ತಾರೀಖು ನೆನಪಿಟ್ಟುಕೋ: 2018ರ ನವೆಂಬರ್ 15.

ನಮ್ಮ ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ ಬಾಡಿಗೆಯನ್ನು ವರ್ಷಕ್ಕೆ ಒಂದೇ ಸಲ ಏರಿಸಬಹುದು, ಅದೂ ಸರ್ಕಾರ ಹೇಳಿದ ಮಿತಿಯೊಳಗೆ. 2023, 2024, 2025ರಲ್ಲಿ ಆ ಮಿತಿ ಶೇಕಡ 2.5 ಇತ್ತು. 2026ಕ್ಕೆ 2.1. ಆದರೆ 2018ರ ನವೆಂಬರ್ 15ರ ನಂತರ ಮೊದಲ ಸಲ ಜನ ವಾಸಕ್ಕೆ ಬಂದ ಕಟ್ಟಡಗಳಿಗೆ ಈ ಮಿತಿ ಇಲ್ಲ. 90 ದಿನ ಮೊದಲು ನೋಟಿಸ್ ಕೊಟ್ಟರೆ ಸಾಕು, ಎಷ್ಟು ಬೇಕಾದರೂ ಏರಿಸಬಹುದು. ಡೌನ್‌ಟೌನ್‌ನಲ್ಲಿ ನಿನ್ನ ಕಣ್ಣಿಗೆ ಹೊಸದಾಗಿ ಕಾಣುವ ಗಾಜಿನ ಟವರುಗಳಲ್ಲಿ ಬಹಳಷ್ಟು ಈ ಗುಂಪಿಗೇ ಸೇರುತ್ತವೆ. 2017ರಲ್ಲಿ ಒಂದು ಸರ್ಕಾರ ಎಲ್ಲ ಮನೆಗಳಿಗೂ ಮಿತಿ ತಂದಿತ್ತು. ಮರುವರ್ಷ ಬಂದ ಸರ್ಕಾರ ಹೊಸ ಕಟ್ಟಡಗಳನ್ನು ಅದರಿಂದ ಬಿಟ್ಟಿತು. ಹೀಗೆ ಮಾಡಿದರೆ ಬಿಲ್ಡರುಗಳು ಹೆಚ್ಚು ಮನೆ ಕಟ್ಟುತ್ತಾರೆ ಅನ್ನುವುದು ಅವರ ವಾದ. ಮನೆಗಳು ಎದ್ದಿರುವುದು ನಿಜ. ಆದರೆ ನಾಳೆಯ ಬಾಡಿಗೆ ಏನು ಅನ್ನುವ ಭಯವನ್ನು ಬಾಡಿಗೆದಾರರ ತಲೆಯ ಮೇಲೆ ಹಾಕಿದ್ದು ತಪ್ಪು ಅಂತಲೇ ನನಗೆ ಇವತ್ತಿಗೂ ಅನಿಸುತ್ತದೆ.

ನಾನು ಇದನ್ನು ಕಾನೂನು ಓದಿ ಮಾತ್ರ ಹೇಳುತ್ತಿಲ್ಲ. ನಿನಗೆ ಪೂರ್ತಿ ಗೊತ್ತಿರಲಿಕ್ಕಿಲ್ಲ, 2020ರ ನವೆಂಬರಿನಲ್ಲಿ ನಾನೂ ಮಾವನೂ ಡೌನ್‌ಟೌನ್‌ಗೆ ಹೋಗಿದ್ದೆವು. ಮಾವನಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್. ಸ್ಕಾರ್ಬರೋದಿಂದ ಹೋಗಿ ಬರುವಷ್ಟರಲ್ಲಿ ಅವರು ಸೋತು ಹೋಗುತ್ತಿದ್ದರು. ಕೋವಿಡ್‌ನಿಂದ ಡೌನ್‌ಟೌನ್ ಬಾಡಿಗೆ ಆಗ ಬಿದ್ದುಹೋಗಿತ್ತು. ಆಸ್ಪತ್ರೆಗೆ ಹತ್ತೇ ನಿಮಿಷದ ದಾರಿಯಲ್ಲಿ, ಒಂದೇ ವರ್ಷ ಹಳೆಯ ಟವರಿನಲ್ಲಿ, 1,750 ಡಾಲರಿಗೆ ಮನೆ ಸಿಕ್ಕಿತು. ಬಾಡಿಗೆ ಕಟ್ಟಡವೊಂದರ ಆಫೀಸಿನಲ್ಲಿ 16 ವರ್ಷ ಕೆಲಸ ಮಾಡಿದವಳು ನಾನು. ಆ ತಾರೀಖಿನ ವಿಷಯ ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕಡಿಮೆ ಬಾಡಿಗೆ ನೋಡಿ ಮನಸ್ಸು ಒಪ್ಪಿಬಿಟ್ಟಿತು. 2021ರಲ್ಲಿ ಸರ್ಕಾರ ಹೊಸ ಕಟ್ಟಡಗಳನ್ನೂ ಸೇರಿಸಿ ಬಾಡಿಗೆ ಏರಿಸುವುದನ್ನೇ ನಿಲ್ಲಿಸಿತ್ತು, ಹಾಗಾಗಿ ಆ ವರ್ಷ ಏನೂ ಆಗಲಿಲ್ಲ. 2022ರ ಆಗಸ್ಟಿನಲ್ಲಿ ಕಾಗದ ಬಂತು. ನವೆಂಬರಿನಿಂದ 2,350. ಒಂದೇ ಏಟಿಗೆ 600 ಡಾಲರ್! ಓನರನ್ನು ಬೇಡಿಕೊಂಡೆ, ಮಾವನ ಸ್ಥಿತಿ ಹೇಳಿಕೊಂಡೆ. ಅವರು ಮಾಡಿದ್ದು ಕಾನೂನಿನ ಪ್ರಕಾರ ಸರಿಯೇ ಇತ್ತು, ಹೋಗಿ ದೂರು ಕೊಡಲು ಜಾಗ ಇರಲಿಲ್ಲ. ಅಕ್ಟೋಬರ್ ಕೊನೆಗೆ ಸಾಮಾನು ಕಟ್ಟಿಕೊಂಡು ವಾಪಸ್ ಬಂದೆವು. ಮಾವ ಲಿಫ್ಟಿನ ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತು ಒಂದೊಂದೇ ಪೆಟ್ಟಿಗೆ ಇಳಿಯುವುದನ್ನು ನೋಡುತ್ತಿದ್ದರು. ಮತ್ತೆ ಬಸ್ಸು, ಮತ್ತೆ ಟ್ರೇನು. ಅದು ಅವರ ಕೊನೆಯ ಚಳಿಗಾಲ.

ಅದಕ್ಕೇ ಕೇಳು ಅನ್ನುತ್ತಿರುವುದು: ಈ ಕಟ್ಟಡಕ್ಕೆ ಮೊದಲು ಜನ ಬಂದಿದ್ದು ಯಾವಾಗ? ಈ ಒಂದು ಪ್ರಶ್ನೆಯನ್ನು ಈಮೇಲಿನಲ್ಲಿ ಕೇಳು, ಉತ್ತರವನ್ನು ಜೋಪಾನವಾಗಿ ಇಟ್ಟುಕೋ.

ಇನ್ನೊಂದು ಪ್ರಶ್ನೆ, ಅದು ಕಾಂಡೋನಾ ಅಥವಾ ಬಾಡಿಗೆಗೆಂದೇ ಕಟ್ಟಿದ್ದಾ? ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಕಾಂಡೋದಲ್ಲಿ ಒಂದೊಂದು ಮನೆಗೂ ಒಬ್ಬೊಬ್ಬ ಓನರ್. ನಾಳೆ ಅವರ ಮಗಳಿಗೆ ಮನೆ ಬೇಕಾಯಿತು ಅಂದರೆ 60 ದಿನದ ನೋಟಿಸ್, ಒಂದು ತಿಂಗಳ ಬಾಡಿಗೆಯಷ್ಟು ಪರಿಹಾರ, ನೀನು ಬಿಡಬೇಕಾಗುತ್ತದೆ. ಇಡೀ ಕಟ್ಟಡ ಒಂದೇ ಕಂಪನಿಯದಾದರೆ ಈ ಕಾಟ ಇರುವುದಿಲ್ಲ, ಕಂಪನಿಗೆ ಮಗಳಿಲ್ಲವಲ್ಲ.

ಈಗ ಪ್ಲಾನ್‌ಗೆ ಬರುತ್ತೇನೆ. ನೀನು ಸರೋವರ ನೋಡಿದೆ, ನಾನು ಕಿಟಕಿ ಎಣಿಸಿದೆ. ಮೊದಲನೆಯದರಲ್ಲಿ ಒಟ್ಟು ಒಂದೇ ಕಿಟಕಿ, ಹಾಲಿನ ಕೊನೆಯಲ್ಲಿ. ಬೆಡ್‌ರೂಮ್ ಒಳಗಡೆ ಇದೆ, ಅದಕ್ಕೆ ಕಿಟಕಿ ಇಲ್ಲ. ಗಾಜಿನ ಜಾರುಬಾಗಿಲು ಹಾಕಿದ್ದಾರೆ, ಹಾಲಿನ ಬೆಳಕು ಅಷ್ಟಿಷ್ಟು ಒಳಗೆ ಬರಲಿ ಅಂತ. ಬಾಗಿಲ ಪಕ್ಕದಲ್ಲಿ ಡೆನ್ ಅಂತ ಬರೆದಿರುವ ಜಾಗವನ್ನು ಎರಡನೇ ಕೋಣೆ ಅಂದುಕೊಂಡಿದ್ದೀಯ. ಅದು ಅಜ್ಜಿಮನೆಯ ಉಗ್ರಾಣದ ಹಾಗೆ, ಬೆಳಕೂ ಇಲ್ಲ, ಗಾಳಿಯೂ ಇಲ್ಲ. ಅಲ್ಲಿ ಒಂದು ಮೇಜು ಹಿಡಿಯಬಹುದು. ಅಮ್ಮ ಬಂದರೆ ಅಲ್ಲಿ ಮಲಗಿಸಲಾಗುವುದಿಲ್ಲ.

ಇಂಥ ಮನೆ ಯಾಕೆ ಕಟ್ಟುತ್ತಾರೆ ಅಂತ ಯೋಚಿಸು. ಇಲ್ಲಿ ಟವರ್ ಏಳುವ ಮೊದಲೇ, ಬರೀ ಪ್ಲಾನ್ ತೋರಿಸಿ, ಮನೆಗಳನ್ನು ಮಾರುತ್ತಿದ್ದರು. ಕೊಂಡವರಲ್ಲಿ ಬಹಳ ಜನ ತಾವು ವಾಸಕ್ಕೆ ಬರುವವರಲ್ಲ, ಬಾಡಿಗೆಗೆ ಕೊಡಲು ಇಲ್ಲವೇ ಮಾರಿ ಲಾಭ ಮಾಡಲು ಕೊಂಡವರು. ಅಂಥವರಿಗೆ ಒಟ್ಟು ಬೆಲೆ ಕೈಗೆಟುಕಬೇಕು, ಆದ್ದರಿಂದ ಮನೆ ಚಿಕ್ಕದಾಗುತ್ತಾ ಹೋಯಿತು. ನಡುವೆ ಕಾರಿಡಾರ್, ಎರಡೂ ಕಡೆ ಮನೆಗಳು. ಮನೆಗೆ ಹೊರಗೋಡೆ ಸಿಗುವುದು ಒಂದೇ ಕಡೆ. ಹೊರಗೋಡೆ ಕಡಿಮೆ, ಉದ್ದ ಜಾಸ್ತಿ, ಅದಕ್ಕೇ ಒಳಗಿನ ಕೋಣೆಗೆ ಕಿಟಕಿ ಸಿಗುವುದಿಲ್ಲ. ಅಡಿಗೆಮನೆ ಬೇರೆ ಇರುವುದಿಲ್ಲ, ಹಾಲಿನ ಒಂದು ಗೋಡೆಗೇ ಒಲೆ, ಸಿಂಕ್, ಫ್ರಿಜ್ ಸಾಲಾಗಿ ಅಂಟಿಸಿರುತ್ತಾರೆ.

ನಗರದ ಕಡೆಯಿಂದ ಒಳ್ಳೆಯ ನಿಯಮಗಳೂ ಬಂದಿವೆ, ಅದನ್ನೂ ಹೇಳಬೇಕು. ಟವರಿನ ಒಂದು ಮಹಡಿ 750 ಚದರ ಮೀಟರ್ ಮೀರದಿರಲಿ, ಎರಡು ಟವರುಗಳ ನಡುವೆ 25 ಮೀಟರ್ ಜಾಗ ಇರಲಿ ಅಂತ ಟೊರಾಂಟೊ ನಗರದ ಮಾರ್ಗಸೂಚಿ ಹೇಳುತ್ತದೆ. ಬೀದಿಗೆ ಬಿಸಿಲು ಬೀಳಲಿ, ಮನೆಗಳಿಗೆ ಆಕಾಶ ಕಾಣಲಿ ಅಂತ. ಇಲ್ಲಿನ ಹೊಸ ಟವರುಗಳು ಸಣಕಲಾಗಿ ಎತ್ತರಕ್ಕೆ ಹೋಗಿರುವುದರಲ್ಲಿ ಇದರ ಪಾಲೂ ಇದೆ. ಆದರೆ 25 ಮೀಟರ್ ಅಂದರೆ ಎದುರು ಮನೆಯವರ ಟಿವಿಯಲ್ಲಿ ಏನು ಬರುತ್ತಿದೆ ಅಂತ ಕಾಣುವಷ್ಟು ದೂರ. ಸರೋವರದ ನೋಟಕ್ಕೆ ಎದುರು ಖಾಲಿ ಜಾಗ ಇದೆಯಾ, ಅಲ್ಲಿ ಏನಾದರೂ ಏಳಲಿದೆಯಾ ಅಂತ ಕೇಳು.

ನೆಲದಿಂದ ಸೂರಿನವರೆಗೆ ಗಾಜು ಫೋಟೋದಲ್ಲಿ ಚೆನ್ನ. ಜನವರಿಯಲ್ಲಿ ಆ ಗಾಜಿನ ಪಕ್ಕ ಕೂತರೆ ಬೆನ್ನು ಕೊರೆಯುತ್ತದೆ. ಬಾಲ್ಕನಿಯ ಕಾಂಕ್ರೀಟೂ ಮನೆಯ ನೆಲದ ಕಾಂಕ್ರೀಟೂ ಒಂದೇ ಹಲಗೆ, ಹಾಗಾಗಿ ಹೊರಗಿನ ಚಳಿ ಅದರ ಮೂಲಕವೇ ಒಳಗೆ ಬರುತ್ತದೆ. ಇನ್ನು ಎಷ್ಟೋ ಕಟ್ಟಡಗಳಲ್ಲಿ ಹೀಟಿಂಗೂ ಕೂಲಿಂಗೂ ಒಂದೇ ಜೋಡಿ ಪೈಪಿನಲ್ಲಿ. ಇಡೀ ಕಟ್ಟಡಕ್ಕೆ ವರ್ಷಕ್ಕೆ ಎರಡು ಸಲ, ಬಿಸಿಯಿಂದ ತಂಪಿಗೆ, ತಂಪಿನಿಂದ ಬಿಸಿಗೆ ಬದಲಾಯಿಸುತ್ತಾರೆ. ಅವರು ಬದಲಾಯಿಸುವ ಮೊದಲೇ ಏಪ್ರಿಲಿನಲ್ಲಿ ಬಿಸಿಲು ಬಂದರೆ ಗಾಜಿನ ಮನೆಯಲ್ಲಿ ಬೇಯುತ್ತೀಯ. ನಮಗೆ ಹಾಗೇ ಆಗಿತ್ತು.

ಮೊದಲನೇ ಪ್ಲಾನ್‌ನ ಹಾಲಿನ ಮೂಲೆಯಲ್ಲಿ ಕಪ್ಪು ಚೌಕ ಇದೆ, ನೋಡಿದೆಯಾ? ಅದು ಕಂಬ. ಮೇಲಿನ ಮಹಡಿಗಳ ಭಾರ ಹೊತ್ತಿದೆ, ತೆಗೆಯಲಾಗುವುದಿಲ್ಲ, ನಿನ್ನ ಸೋಫಾ ಅಲ್ಲಿ ಕೂರುವುದಿಲ್ಲ. 520 ಚದರ ಅಡಿ ಅಂತ ಬರೆದಿರುವುದರಲ್ಲಿ ಗೋಡೆಯ ದಪ್ಪವೂ ಸೇರಿರುತ್ತದೆ. ಮತ್ತೆ ಒಲೆಯ ಮೇಲಿನ ಫ್ಯಾನ್ ಗಾಳಿಯನ್ನು ಹೊರಗೆ ಬಿಡುತ್ತದೋ, ಅಥವಾ ಜಾಲರಿಯಲ್ಲಿ ಸೋಸಿ ಮತ್ತೆ ಮನೆಯೊಳಗೇ ಬಿಡುತ್ತದೋ ಕೇಳು. ಒಣಮೆಣಸಿನಕಾಯಿ ಒಗ್ಗರಣೆ ಹಾಕುವವರಿಗೆ ಇದು ಸಣ್ಣ ವಿಷಯ ಅಲ್ಲ.

ಎರಡನೇ ಪ್ಲಾನ್ ಮೂಲೆಮನೆ. ಚಿಕ್ಕದು, ಆದರೆ ಬೆಡ್‌ರೂಮಿಗೆ ಸ್ವಂತ ಕಿಟಕಿ ಇದೆ, ಹಾಲಿಗೂ ಇದೆ. ನನ್ನ ಮನಸ್ಸು ಅದರ ಕಡೆಗೇ ಇದೆ. ಕಟ್ಟಡದ ತಾರೀಖು ಮಾತ್ರ ಎರಡಕ್ಕೂ ಒಂದೇ, ಅದನ್ನು ಮರೆಯಬೇಡ.

ಡೌನ್‌ಟೌನೇ ಆಗಬೇಕು ಅಂತ ಹಟ ಇಲ್ಲದಿದ್ದರೆ ಡೇವಿಸ್‌ವಿಲ್ ಸ್ಟೇಷನ್ ಸುತ್ತ ನೋಡು. 1960ರ ದಶಕದ ಬಾಡಿಗೆ ಟವರುಗಳು ಅಲ್ಲಿ ಬೇಕಾದಷ್ಟಿವೆ. ಸಬ್‌ವೇಯಲ್ಲಿ ನಿನ್ನ ಆಫೀಸಿಗೆ ಸುಮಾರು 20 ನಿಮಿಷ. ನಾವು 1989ರಲ್ಲಿ ಬಂದಾಗ ಸೇಂಟ್ ಜೇಮ್ಸ್ ಟೌನಿನ ಅಂಥದ್ದೇ ಟವರಿನಲ್ಲಿ ಇದ್ದೆವು. ಕೋಣೆಗಳು ದೊಡ್ಡವು, ಅಡಿಗೆಮನೆ ಬೇರೆ, ಪ್ರತಿ ಕೋಣೆಗೂ ಕಿಟಕಿ. ಕೊರತೆಗಳೂ ಇವೆ. ಬಟ್ಟೆ ಒಗೆಯಲು ಬೇಸ್‌ಮೆಂಟಿಗೆ ಇಳಿಯಬೇಕು, ಬಹಳಷ್ಟು ಕಡೆ ಎಸಿ ಇಲ್ಲ, ಲಿಫ್ಟ್ ಹಳೆಯದು, ಜಿರಲೆ ಇದೆಯಾ ಅಂತ ಸಿಂಕಿನ ಕೆಳಗೆ ಟಾರ್ಚ್ ಹಾಕಿ ನೋಡಬೇಕು. ಒಳಗೆ ಹೋಗುವಾಗಿನ ಬಾಡಿಗೆಯೂ ಕಡಿಮೆ ಏನಲ್ಲ, ಯಾಕೆಂದರೆ ಹಳಬರು ಬಿಟ್ಟ ಮೇಲೆ ಹೊಸಬರಿಗೆ ಎಷ್ಟು ಬೇಕಾದರೂ ಹೇಳಬಹುದು. ಆದರೆ ಒಮ್ಮೆ ಒಳಗೆ ಹೋದ ಮೇಲೆ ಮಿತಿ ನಿನ್ನನ್ನು ಕಾಯುತ್ತದೆ. 2,100 ಡಾಲರಿನ ಮನೆಗೆ ಶೇಕಡ 2.1 ಅಂದರೆ 44 ಡಾಲರ್. ಅಷ್ಟನ್ನು ಯಾರಾದರೂ ತಡೆದುಕೊಳ್ಳಬಹುದು ಅಲ್ವಾ?

ಕಾಗದಪತ್ರದ ಮಾತು ಬೇಗ ಮುಗಿಸುತ್ತೇನೆ. ಇಲ್ಲಿ ಅಡ್ವಾನ್ಸ್ ಅಂದರೆ ಕೊನೆಯ ತಿಂಗಳ ಬಾಡಿಗೆ ಮಾತ್ರ. ಮೊದಲ ತಿಂಗಳದ್ದು, ಕೊನೆಯ ತಿಂಗಳದ್ದು, ಅಷ್ಟೇ. ಬೆಂಗಳೂರಿನ ಹಾಗೆ ಹತ್ತು ತಿಂಗಳು ಕೇಳುವ ಹಾಗಿಲ್ಲ, ಮನೆ ಹಾಳಾದರೆ ಅಂತ ಡಿಪಾಸಿಟ್ ಇಟ್ಟುಕೊಳ್ಳುವ ಹಾಗೂ ಇಲ್ಲ. ಹೊಸದಾಗಿ ಬಂದವರಿಗೆ ಇಲ್ಲಿ ಕ್ರೆಡಿಟ್ ಚರಿತ್ರೆ, ಅಂದರೆ ಸಾಲ ಸರಿಯಾಗಿ ತೀರಿಸಿದ ದಾಖಲೆ, ಇರುವುದಿಲ್ಲ ಅಂತ ಆರು ತಿಂಗಳು ಮೊದಲೇ ಕೊಡಿ ಅನ್ನುತ್ತಾರೆ. ಒತ್ತಾಯ ಮಾಡುವಂತಿಲ್ಲ. ನಿನ್ನ ಆಫರ್ ಲೆಟರ್ ತೋರಿಸು, ಬೇಕಾದರೆ ನಾನು ಜಾಮೀನು ಹಾಕುತ್ತೇನೆ. ಒಂದು ವರ್ಷ ಮುಗಿದ ಮೇಲೆ ಹೊಸ ಲೀಸ್‌ಗೆ ಸಹಿ ಹಾಕಲೇಬೇಕು ಅಂತಿಲ್ಲ, ಅದು ತಾನಾಗೇ ತಿಂಗಳ ಲೆಕ್ಕಕ್ಕೆ ಬರುತ್ತದೆ.

ಮೈಸೂರಿನಲ್ಲಿ ಕೂತು, ಕಣ್ಣಲ್ಲಿ ನೋಡದ ಮನೆಗೆ ಮಾತ್ರ ದುಡ್ಡು ಕಳಿಸಬೇಡ. ಬೇರೆಯವರ ಮನೆಯ ಫೋಟೋ ಹಾಕಿ ಅಡ್ವಾನ್ಸ್ ತಗೊಂಡು ಮಾಯವಾಗುವವರು ಇಲ್ಲಿದ್ದಾರೆ. ಬಂದ ಮೇಲೆ ಒಂದೆರಡು ತಿಂಗಳು ನನ್ನ ಜೊತೆ ಇರು. ಮೇಲಿನ ಕೋಣೆ ಖಾಲಿ ಇದೆ, ಮಾವನ ಪುಸ್ತಕಗಳನ್ನು ಒಂದು ಗೋಡೆಗೆ ಜೋಡಿಸಿ ನಿನಗೆ ಜಾಗ ಮಾಡಿದ್ದೇನೆ. ಈಗ ಬಾಡಿಗೆ ಇಳಿದಿರುವ ಕಾಲ, ಮನೆಗಳು ಓಡಿ ಹೋಗುವುದಿಲ್ಲ.

ಶನಿವಾರ ಆ ಮೂಲೆಮನೆ ನೋಡಲು ನಾನೇ ಹೋಗುತ್ತೇನೆ. ಸಂಜೆ ನಾಲ್ಕು ಗಂಟೆಗೆ ಅಂತ ಹೇಳಿದ್ದೇನೆ, ಲೈಟ್ ಹಾಕದೆ ಬೆಳಕು ಎಷ್ಟಿರುತ್ತದೆ ನೋಡಬೇಕು. ಅಲ್ಲಿಂದಲೇ ನಿನಗೆ ವಿಡಿಯೋ ಕಾಲ್ ಮಾಡುತ್ತೇನೆ. ನಿಮಗಾಗ ನಡುರಾತ್ರಿ ದಾಟಿರುತ್ತದೆ, ಎದ್ದಿರು. ಅಳತೆ ಟೇಪ್ ತಗೊಂಡು ಹೋಗುತ್ತಿದ್ದೇನೆ, ನಿನಗೆ ಎಷ್ಟು ದೊಡ್ಡ ಮಂಚ ಬೇಕು ಅಂತ ಅಷ್ಟರೊಳಗೆ ತಿಳಿಸು.

ನಿನ್ನ
ಅತ್ತೆ