ಹೂಂಗುಟ್ಟುವ ಮುಖ

ಪ್ರೀತಿಯ ತಮ್ಮನಿಗೆ, ಆಶೀರ್ವಾದಗಳು.

ಕತೆ ತಲುಪಿತು. ಎರಡು ಸಲ ಓದಿದೆ, ಎರಡನೇ ಸಲ ಪೆನ್ಸಿಲ್ ಹಿಡಿದು. ಹದಿನಾಲ್ಕು ಪುಟದಲ್ಲಿ ಒಂಬತ್ತು ಸಲ ಯಾರೋ ಹುಬ್ಬೇರಿಸಿದ್ದಾರೆ, ನಾಲ್ಕು ಸಲ ‘ವಿಷಾದದ ಛಾಯೆ’ ಸುಳಿದಿದೆ, ಅದರಲ್ಲಿ ಎರಡು ಸಲ ಅತ್ತಿಗೆಯ ಮುಖದ ಮೇಲೇ. ಬೇಜಾರು ಮಾಡ್ಕೋಬೇಡ. ತೋಟ ಅಡವಿಟ್ಟ ಸುದ್ದಿ ಮನೆಯೊಳಗೆ ಹರಡುವ ಬಗೆ, ಹಿತ್ತಲ ಬಾಗಿಲಲ್ಲಿ ನಿಂತ ಕೆಲಸದವಳ ಎರಡೇ ಮಾತು, ಇವೆಲ್ಲ ಚೆನ್ನಾಗಿ ಬಂದಿವೆ. ತಕರಾರು ಇರುವುದು ಮುಖಗಳದ್ದು. ನಿನ್ನ ಪಾತ್ರಗಳ ಮುಖಗಳು ಬಸ್ಸಿನ ಬೋರ್ಡಿನ ಹಾಗಿವೆ. ಒಳಗೆ ಏನಿದೆಯೋ ಅದನ್ನು ಬರೆದು ಮುಂದೆ ತಗುಲಿಹಾಕಿಬಿಟ್ಟಿದ್ದೀಯ.

ಇದನ್ನು ಹೇಳಲು ನನಗೊಂದು ಕಾರಣವಿದೆ. 2009ರ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸಿದರೆ ನೀರು ಎಡಗಡೆಯಿಂದ ತಾನಾಗಿ ಸೋರಿಹೋಯಿತು. ಕನ್ನಡಿ ನೋಡಿದರೆ ಅರ್ಧ ಮುಖ ನನ್ನದು, ಇನ್ನರ್ಧ ಯಾರದೋ. ಅತ್ತೆ ‘ಲಕ್ವ ಹೊಡೀತು’ ಅಂತ ಅಳೋಕೇ ಶುರುಮಾಡಿದರು. ಡಾಕ್ಟರು ಹಣೆ ಸುಕ್ಕು ಮಾಡಿ ಅಂದರು, ಎಡಗಡೆ ಒಂದು ಗೆರೆಯೂ ಮೂಡಲಿಲ್ಲ. ಬೆಲ್ಸ್ ಪಾಲ್ಸಿ, ಮುಖವನ್ನು ಆಡಿಸುವ ಏಳನೇ ನರ ಊದಿಕೊಂಡಿದೆ, ಮಿದುಳಿಗೆ ಏನೂ ಆಗಿಲ್ಲ ಅಂದರು. ಸ್ಟೀರಾಯ್ಡ್ ಮಾತ್ರೆ, ಕಣ್ಣಿಗೆ ಡ್ರಾಪ್ಸ್, ರಾತ್ರಿ ಮುಚ್ಚದ ಕಣ್ಣಿಗೆ ಅಂಟಿಸಲು ಟೇಪು. ಮೂರು ತಿಂಗಳಲ್ಲಿ ಬಹುಪಾಲು ಸರಿಹೋಯಿತು.

ಆ ಮೂರು ತಿಂಗಳು ಯಾರೂ ನನ್ನ ಜೊತೆ ಹೆಚ್ಚು ಹೊತ್ತು ಮಾತಾಡಲಿಲ್ಲ. ಮೊದಮೊದಲು ಅದು ಮರುಕ ಅಂದುಕೊಂಡೆ. ನಿಜ ತಿಳಿದದ್ದು ಸೊಪ್ಪಿನವಳಿಂದ. ದಿನಾ ಜಗಲಿಯ ಮೇಲೆ ಬುಟ್ಟಿ ಇಳಿಸಿ ಅಳಿಯನ ಪುರಾಣ ಬಿಚ್ಚುವವಳು. ಅವತ್ತು ಅವನು ಮಗಳ ಓಲೆಯನ್ನೂ ಮಾರಿದ್ದನಂತೆ. ನಾನು ಕೇಳುತ್ತಲೇ ಇದ್ದೆ, ಒಳಗೆ ಅಯ್ಯೋ ಅನ್ನಿಸುತ್ತಲೂ ಇತ್ತು, ಆದರೆ ಮುಖ ಅಯ್ಯೋ ಅನ್ನಲಿಲ್ಲ. ಅವಳು ಅರ್ಧಕ್ಕೇ ನಿಲ್ಲಿಸಿ, ‘ಯಾಕವ್ವಾ, ಬೇಜಾರಾ?’ ಅಂದಳು. ‘ಇಲ್ಲ, ನೀನು ಹೇಳು’ ಅಂದೆ. ಹೇಳಲಿಲ್ಲ. ದಂಟಿನ ಕಟ್ಟು ಕೈಗಿಟ್ಟು, ಚಿಲ್ಲರೆ ಎಣಿಸಿ, ಬುಟ್ಟಿ ಎತ್ತಿಕೊಂಡು ಹೋದಳು. ಕತೆ ಹೇಳುವ ಅಜ್ಜಿಗೆ ಮಕ್ಕಳು ಹೂಂಗುಟ್ಟುತ್ತಿರಬೇಕು, ಇಲ್ಲದಿದ್ದರೆ ಮಲಗಿದವು ಅಂತ ಕತೆ ನಿಲ್ಲಿಸುತ್ತಾಳಲ್ಲ, ಹಾಗೆ. ಇಷ್ಟು ವರ್ಷ ನನ್ನ ಕೆನ್ನೆ ಹುಬ್ಬುಗಳೇ ಹೂಂಗುಟ್ಟುತ್ತಿದ್ದವು ಅಂತ ನನಗೇ ಗೊತ್ತಿರಲಿಲ್ಲ.

ಶಾಲೆಯಲ್ಲಿ ಇನ್ನೂ ಫಜೀತಿ. ಇಪ್ಪತ್ತು ವರ್ಷ ಎಡ ಹುಬ್ಬೊಂದರ ಬಲದಿಂದ ಹಿಂದಿನ ಬೆಂಚನ್ನು ಸುಮ್ಮನಿರಿಸಿದ್ದೆ. ಅದು ಏಳದೇ ಹೋದಾಗ ಕಿರುಚಬೇಕಾಯಿತು, ಕಿರುಚಿದರೆ ಬಾಯಿ ಸೊಟ್ಟಗಾಗಿ ಮಕ್ಕಳು ಕಿಸಕ್ಕನೆ ನಗುತ್ತಿದ್ದವು.

ಆಮೇಲೆ ಕುತೂಹಲಕ್ಕೆ ಇದರ ಬಗ್ಗೆ ಒಂದಿಷ್ಟು ಓದಿದೆ. 1979ರಲ್ಲಿ ಕ್ರೌಟ್ ಮತ್ತು ಜಾನ್‌ಸ್ಟನ್ ಎಂಬ ಇಬ್ಬರು ಅಮೆರಿಕನ್ನರು ಬೌಲಿಂಗ್ ಆಡುವವರ (ಕ್ರಿಕೆಟ್ಟಿನದಲ್ಲ, ಚೆಂಡು ಉರುಳಿಸಿ ಸಾಲು ಗೂಟ ಬೀಳಿಸುವ ಆಟ) ಮುಖಗಳನ್ನು ಗಮನಿಸಿ ಬರೆದರು. ಚೆಂಡು ಉರುಳಿಸಿ ಗೂಟಗಳನ್ನೆಲ್ಲ ಬೀಳಿಸಿದವರು, ಗೂಟಗಳತ್ತ ನೋಡುತ್ತಿರುವಷ್ಟು ಹೊತ್ತು ನಕ್ಕಿದ್ದು ಅಪರೂಪ. ಗೆಳೆಯರ ಕಡೆ ತಿರುಗಿದಾಗ ನಕ್ಕರು, ಆಟ ಕೆಟ್ಟಾಗಲೂ ನಕ್ಕರು. ಖುಷಿ ಸುಳ್ಳಾಗಿತ್ತು ಅಂತಲ್ಲ. ನಗು ಗೂಟಗಳಿಗಲ್ಲದೆ ಗೆಳೆಯರಿಗೆ ಅಂತ ಇತ್ತು, ಅಷ್ಟೇ.

ನಮ್ಮ ಮಾತಿಗೆ ಇದು ಮೊದಲೇ ಗೊತ್ತು. ಮೂತಿ ತಿರುವುವುದು, ಮೂಗು ಮುರಿಯುವುದು, ಮುಖ ಕೊಟ್ಟು ಮಾತಾಡದಿರುವುದು, ಹಲ್ಲು ಗಿಂಜುವುದು, ಪೆಚ್ಚುನಗೆ ನಗುವುದು: ಇವುಗಳಲ್ಲಿ ಒಂದನ್ನಾದರೂ ಕೋಣೆಯಲ್ಲಿ ಒಬ್ಬನೇ ಕೂತು ಮಾಡಿ ನೋಡು. ಎದುರಿಗೊಬ್ಬರು ಬೇಕೇಬೇಕು. ನಿನ್ನ ‘ವಿಷಾದದ ಛಾಯೆ’ಗೆ ಯಾರೂ ಬೇಡ, ಹಾಗಾಗಿಯೇ ಅದು ಯಾರಿಗೂ ತಟ್ಟುವುದಿಲ್ಲ. ‘ದೇಶಾವರಿ ನಗೆ’ ಅನ್ನುವ ಪದವನ್ನೇ ನೋಡು. ಫ್ರಾನ್ಸಿನ ವೈದ್ಯ ಡುಶೆನ್ ಮುಖದ ಸ್ನಾಯುಗಳಿಗೆ ವಿದ್ಯುತ್ ಮುಟ್ಟಿಸಿ ಪರೀಕ್ಷೆ ಮಾಡಿ, 1862ರಲ್ಲಿ ಬರೆದ: ತುಟಿಯನ್ನು ಮೇಲಕ್ಕೆಳೆಯುವ ಸ್ನಾಯು ನಾವು ಹೇಳಿದ ಹಾಗೆ ಕೇಳುತ್ತದೆ, ಕಣ್ಣಿನ ಸುತ್ತಲಿನದು ನಿಜವಾದ ಸಂತೋಷಕ್ಕೆ ಮಾತ್ರ ಓಗೊಡುತ್ತದೆ ಅಂತ. ಕಣ್ಣಿನ ನಗುವನ್ನೂ ಬೇಕೆಂದಾಗ ತರಬಲ್ಲವರು ಬಹಳ ಜನ ಇದ್ದಾರೆ ಅಂತ ಆಮೇಲಿನವರು ಕಂಡುಕೊಂಡರು. ಮದುವೆ ಛತ್ರದ ಬಾಗಿಲಲ್ಲಿ ಪನ್ನೀರು ಎರಚುತ್ತಾ ನಿಂತ ಹೆಣ್ಣಿನ ತಾಯಿಯನ್ನು ಕೇಳಿದ್ದರೆ ಮೊದಲೇ ಹೇಳಿರುತ್ತಿದ್ದಳು. ಆ ನಗೆಯನ್ನು ಕಪಟ ಅಂತ ಬರೆದು ಕೈತೊಳೆದುಕೊಳ್ಳಬೇಡ. ಮುನ್ನೂರು ಜನಕ್ಕೆ ಆಕೆ ಮಾಡುತ್ತಿರುವ ಉಪಚಾರ ಅದು. ಸಂಜೆ ಕೆನ್ನೆ ನೋಯುತ್ತದೆ.

ಮುಖ ನೋಡಿದರೆ ಮನಸ್ಸು ತಿಳಿಯುತ್ತದೆ ಅನ್ನುವವರನ್ನೂ ಪೂರ್ತಿ ನಂಬಬೇಡ. ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಎಕ್‌ಮನ್ 1960ರ ದಶಕದ ಕೊನೆಯಲ್ಲಿ ಪಪುವಾ ನ್ಯೂಗಿನಿಯ ಬೆಟ್ಟಗಳ ಫೋರೆ ಜನರಿಗೆ ಫೋಟೋ ತೋರಿಸಿ, ಖುಷಿ, ಸಿಟ್ಟು, ಭಯದಂಥ ಮೂಲಭಾವಗಳ ಮುಖಗಳು ಎಲ್ಲೆಡೆ ಒಂದೇ ಎಂದ. ಅದೇ ದೇಶದ ಟ್ರೋಬ್ರಿಯಾಂಡ್ ದ್ವೀಪಗಳ ಹದಿಹರೆಯದವರಿಗೆ ಕಣ್ಣರಳಿಸಿ ಬಾಯಿ ತೆರೆದ ‘ಭಯದ’ ಮುಖ ತೋರಿಸಿದಾಗ, ಅದನ್ನು ಬೆದರಿಸುವ ಮುಖ ಅಂದರು ಎಂದು 2016ರಲ್ಲಿ ಬೇರೆ ಸಂಶೋಧಕರು ವರದಿ ಮಾಡಿದರು. ವಾದ ಇನ್ನೂ ಮುಗಿದಿಲ್ಲ. ಕತೆಗಾರನಿಗೆ ಅದು ಮುಗಿಯದಿರುವುದೇ ಒಳ್ಳೆಯದು.

ಈಗ ನಿನ್ನ ಏಳನೇ ಪುಟ. ಅಣ್ಣ ಊಟದ ನಡುವೆ ತೋಟ ಅಡವಿಟ್ಟದ್ದನ್ನು ಹೇಳುತ್ತಾನೆ. ‘ತಮ್ಮನ ಮುಖ ಕಪ್ಪಿಟ್ಟಿತು. ಅತ್ತಿಗೆಯ ಮುಖದಲ್ಲಿ ವಿಷಾದದ ಛಾಯೆ ಸುಳಿಯಿತು.’ ಇಬ್ಬರೂ ಒಟ್ಟಿಗೆ, ಫೋಟೋ ತೆಗೆಸಿಕೊಂಡ ಹಾಗೆ. ಹಾಗಾಗುವುದಿಲ್ಲ, ತಮ್ಮಾ. ಎಡವಿ ಬಿದ್ದ ಮಗುವನ್ನು ನೋಡಿದ್ದೀಯಲ್ಲ. ಅಳುವ ಮುಂಚೆ ಅಮ್ಮನ ಮುಖ ನೋಡುತ್ತದೆ. 1985ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಕೆಳಗೆ ತಗ್ಗಿರುವಂತೆ ಕಾಣುವ ಗಾಜಿನ ಅಂಚಿಗೆ ಒಂದು ವರ್ಷದ ಮಕ್ಕಳನ್ನು ಬಿಟ್ಟು, ಆಚೆಗೆ ತಾಯಂದಿರನ್ನು ನಿಲ್ಲಿಸಿದ್ದರು. ತಾಯಿ ನಗುಮುಖ ತೋರಿದಾಗ 19 ಮಕ್ಕಳಲ್ಲಿ 14 ದಾಟಿದವು. ತಾಯಿ ಹೆದರಿದ ಮುಖ ಮಾಡಿದಾಗ 17ರಲ್ಲಿ ಒಂದೂ ದಾಟಲಿಲ್ಲ.

ನಾವೂ ದೊಡ್ಡವರಾದ ಮೇಲೆ ಅದನ್ನೇ ಮಾಡುತ್ತೇವೆ, ಸ್ವಲ್ಪ ಮರೆಯಾಗಿ. ಸುದ್ದಿ ಬಿದ್ದ ತಕ್ಷಣ ಅತ್ತಿಗೆ ನೋಡುವುದು ಗಂಡನನ್ನಲ್ಲ, ಮೈದುನನನ್ನು. ಅವನು ಅನ್ನ ಕಲೆಸುತ್ತಲೇ ಇದ್ದಾನೆ, ಸಾರು ಆಗಲೇ ಬೆರೆತುಹೋಗಿದ್ದರೂ. ಅವನು ತಲೆ ಎತ್ತುವುದಿಲ್ಲ ಅಂತ ಖಾತ್ರಿಯಾದ ಮೇಲೆ ಅವಳು ಸೌಟು ಮುಂದೆ ಚಾಚಿ, ಏನೂ ಆಗದವಳ ಹಾಗೆ, ‘ಇನ್ನೊಂಚೂರು ಹಾಕ್ಲಾ?’ ಅನ್ನುತ್ತಾಳೆ. ಅಣ್ಣ ಆ ಇಬ್ಬರನ್ನೂ ಒಮ್ಮೆ ನೋಡಿ, ಯಾರ ಮುಖವೂ ಸಿಗದೆ, ನೀರಿನ ಲೋಟಕ್ಕೆ ಕೈಹಾಕುತ್ತಾನೆ. ಇದು ನಾನು ಬರೆಯುವ ರೀತಿ, ನೀನು ನಿನ್ನದೇ ದಾರಿ ಹಿಡಿ. ಆದರೆ ಪ್ರತಿ ಮುಖದ ಪಕ್ಕದಲ್ಲೂ ಪೆನ್ಸಿಲಿನಲ್ಲಿ ಬರೆದುಕೊ: ಇದನ್ನು ನೋಡಿದವರು ಯಾರು? ಯಾರೂ ನೋಡಿಲ್ಲ ಅಂದರೆ ಆ ವಾಕ್ಯ ಹೊಡೆದುಹಾಕು. ನೋಡಿಯೂ ನೋಡದ ಹಾಗಿದ್ದರೆ ಖಂಡಿತ ಉಳಿಸಿಕೊ, ನಮ್ಮ ಮನೆಗಳಲ್ಲಿ ಅರ್ಧ ಸಂಸಾರ ನಡೆಯುವುದೇ ಹಾಗೆ.

ತಿದ್ದಿದ ಮೇಲೆ ಕತೆ ತಗೊಂಡು ಒಂದು ಭಾನುವಾರ ಊಟಕ್ಕೆ ಬಾ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನರ ಮತ್ತೆ ಚಿಗುರುವಾಗ ಎಳೆಗಳು ಅದಲುಬದಲಾಗಿ ಕೂಡಿಕೊಂಡವಂತೆ; ಇವತ್ತಿಗೂ ಅಗಿಯುವಾಗ ನನ್ನ ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಹೋದ ತಿಂಗಳು ಒಂದು ಮದುವೆ ಮನೆಯಲ್ಲಿ, ಪಂಕ್ತಿಯಲ್ಲಿ ಎದುರು ಕೂತಿದ್ದ ಯಜಮಾನರೊಬ್ಬರು ಎರಡು ಸಲ ನೋಡಿ, ಪಾಯಸ ಬಿಟ್ಟು ಎದ್ದುಹೋದರು.

ಇಂತಿ,
ನಿನ್ನ ಅಕ್ಕ