ಹಳೆಯ ದಿನಚರಿ ರದ್ದಿಯಲ್ಲ

ಮಾನ್ಯರೇ,

ಹಳೆಯ ದಿನಚರಿ, ಹಡಗಿನ ಲಾಗ್ ಪುಸ್ತಕ (ಪ್ರಯಾಣದ ದಿನದಿನದ ದಾಖಲೆ), ಬೆಳೆ ಲೆಕ್ಕದ ಕಡತಗಳು ರದ್ದಿಗೆ ಹೋದರೆ ಹವಾಮಾನ ವಿಜ್ಞಾನಕ್ಕೆ ಅದು ತುಂಬಲಾಗದ ನಷ್ಟ.

ಭೂಮಿಯ ಸರಾಸರಿ ಉಷ್ಣಾಂಶ ಲೆಕ್ಕ ಹಾಕುವಷ್ಟು ಥರ್ಮಾಮೀಟರ್ ಅಳತೆಗಳು ಸಿಗುವುದು ಸುಮಾರು 1850ರಿಂದ ಈಚೆಗೆ ಮಾತ್ರ. ಅದಕ್ಕೂ ಹಿಂದಿನದನ್ನು ಮರದ ಕಾಂಡದೊಳಗೆ ವರ್ಷವರ್ಷ ಮೂಡುವ ಉಂಗುರ, ಹವಳ, ಹಿಮದ ಪದರಗಳಲ್ಲಿ ಹುಡುಕಬೇಕು. ಅಂಟಾರ್ಕ್ಟಿಕಾದಲ್ಲಿ ಕೊರೆದು ತೆಗೆದ ಹಿಮದೊಳಗಿನ ಪುಟ್ಟ ಗುಳ್ಳೆಗಳಲ್ಲಿ 8 ಲಕ್ಷ ವರ್ಷ ಹಿಂದಿನ ಗಾಳಿ ಇನ್ನೂ ಹಾಗೇ ಸಿಕ್ಕಿಕೊಂಡಿದೆ. ಎಂಥ ಅಚ್ಚರಿ ಅಲ್ವಾ?

ಆದರೆ ಹಿಮ ಇಂಥದೇ ದಿನ ಎಂದು ಹೇಳುವುದಿಲ್ಲ. ಮನುಷ್ಯ ಬರೆದಿಟ್ಟದ್ದು ಹೇಳುತ್ತದೆ. ಜಪಾನಿನ ಸುವಾ ಸರೋವರ ಚಳಿಗಾಲದಲ್ಲಿ ಹೆಪ್ಪುಗಟ್ಟುವುದನ್ನು ಅಲ್ಲಿನ ಅರ್ಚಕರು 1443ರಿಂದ ಬರೆದಿಡುತ್ತಾ ಬಂದಿದ್ದಾರೆ. ಅವರದು ಭಕ್ತಿಯ ಕೆಲಸ, ವಿಜ್ಞಾನದ್ದಲ್ಲ. ಆದರೂ ಈಚಿನ ದಶಕಗಳಲ್ಲಿ ಸರೋವರ ಹೆಪ್ಪುಗಟ್ಟದ ವರ್ಷಗಳೇ ಜಾಸ್ತಿ ಎಂಬುದು ಆ ಸಾಲುಗಳಿಂದ ಸ್ಪಷ್ಟವಾಗಿ ಕಾಣುತ್ತದೆ.

ಮಳೆ, ಬರ, ಹೂ ಬಿಟ್ಟ ದಿನ, ಕೊಯ್ಲಿನ ದಿನ ಬರೆದಿರುವ ಹಾಳೆಗಳನ್ನು ಗ್ರಂಥಾಲಯಗಳು ಮತ್ತು ದಾಖಲೆ ಸಂಗ್ರಹಾಲಯಗಳು ಫೋಟೊ ತೆಗೆದು ಎಲ್ಲರಿಗೂ ಸಿಗುವಂತೆ ಇಡಲಿ. ಮನೆಯಲ್ಲಿ ಇಂಥ ಪುಸ್ತಕವಿದ್ದವರು ಎಸೆಯುವ ಮೊದಲು ಒಮ್ಮೆ ಈ ಸಂಸ್ಥೆಗಳಿಗೆ ತೋರಿಸಲಿ.

– ಒಬ್ಬ ಓದುಗ